ತೇಲುವಿಕೆ ನಿಯಂತ್ರಕ (ಸ್ಕೂಬಾ ಡೈವಿಂಗ್)

ತೇಲುವಿಕೆ ನಿಯಂತ್ರಕವು ಸ್ಕೂಬಾ ಡೈವರ್‌ಗಳು ತೊಡುವ, ಗಾಳಿ ತುಂಬಿ ಹೊರಬಿಡಬಹುದಾದ, ತೋಳಿಲ್ಲದ ಅಂಗಿಯ ರೂಪದ ಸಾಧನವಾಗಿದೆ. ಬಳಕೆಯಲ್ಲಿ ಇದನ್ನು ಬಿ.ಸಿ.ಡಿ. ಎನ್ನುತ್ತಾರೆ. ಡೈವರ್‌ನನ್ನು ನೀರಿನ ಮೇಲೆ ತೇಲಿಸುವುದು, ಆಳದಲ್ಲಿ ಏರದೆ ಇಳಿಯದೆ ನಿಲ್ಲಲು ನೆರವಾಗುವುದು ಹಾಗೂ ಸಿಲಿಂಡರನ್ನು ಬೆನ್ನಿಗೆ ಬಿಗಿದಿಡುವುದು ಇದರ ಕಾರ್ಯಗಳು. ಇದು ಜೀವರಕ್ಷಕ ಅಂಗಿಯಲ್ಲ. ಪ್ರಜ್ಞೆ ತಪ್ಪಿದವರ ಮುಖವನ್ನು ನೀರಿನಿಂದ ಮೇಲಿರಿಸುವ ಖಾತರಿ ಇದಕ್ಕಿಲ್ಲ.

ಕಾರ್ಯತತ್ತ್ವ

ಆರ್ಕಿಮಿಡೀಸನ ತತ್ತ್ವದಂತೆ, ಅಂಗಿಯೊಳಗಿನ ಪ್ರತಿ ಲೀಟರ್ ಗಾಳಿಯು ಸುಮಾರು 1 ಕಿ.ಗ್ರಾಂ ಭಾರವನ್ನು ಎತ್ತಿಹಿಡಿಯುತ್ತದೆ. ಆದರೆ ಗಾಳಿಯ ಗಾತ್ರವು ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಸಮುದ್ರದಲ್ಲಿ 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯಲ್ಲಿರುವುದರ ಎರಡರಷ್ಟಿರುತ್ತದೆ. ಅಲ್ಲಿ ಅಂಗಿಯಲ್ಲಿದ್ದ 4 ಲೀಟರ್ ಗಾಳಿಯನ್ನು ಹೊರಬಿಡದೆ ಮೇಲೇರಿದರೆ, ಅದು ಮೇಲ್ಮೈ ತಲುಪುವಷ್ಟರಲ್ಲಿ 8 ಲೀಟರಾಗಿ ಹಿಗ್ಗಿ, ಡೈವರ್‌ನನ್ನು ಇನ್ನಷ್ಟು ವೇಗವಾಗಿ ಮೇಲಕ್ಕೆ ತಳ್ಳುತ್ತದೆ. ಇಂತಹ ಅನಿಯಂತ್ರಿತ ಏರಿಕೆಯಲ್ಲಿ ಉಸಿರು ಬಿಗಿಹಿಡಿದವರ ಶ್ವಾಸಕೋಶ ಹರಿಯಬಹುದು. ಆದ್ದರಿಂದಲೇ ಈ ಸಾಧನವನ್ನು ಮೇಲೇರುವ ಲಿಫ್ಟಿನಂತೆ ಬಳಸಬಾರದು. ಏರುವುದು ಕಾಲಿನ ಫಿನ್‌ಗಳಿಂದ, ಏರುತ್ತಾ ಗಾಳಿ ಬಿಡುವುದು ಕವಾಟದಿಂದ.

ವಿಧಗಳು

1961ರಲ್ಲಿ ಫ್ರಾನ್ಸಿನ ಮೋರಿಸ್ ಫೆಂಜಿ ರೂಪಿಸಿದ ಸಾಧನವು ಕೊರಳಿಗೆ ಹಾಕಿಕೊಳ್ಳುವಂತಹದು. ಈಗ ಅದು ವಿರಳ. ಇಂದು ಹೆಚ್ಚು ಪ್ರಚಲಿತವಾಗಿರುವ ಜಾಕೆಟ್ ಮಾದರಿಯಲ್ಲಿ ಗಾಳಿಚೀಲವು ಬೆನ್ನಿನಿಂದ ಪಕ್ಕೆಗಳವರೆಗೆ ಸುತ್ತಿರುತ್ತದೆ. ಮೇಲ್ಮೈಯಲ್ಲಿ ನೆಟ್ಟಗೆ ತೇಲಿಸುವುದರಿಂದ ಕಲಿಯುವವರಿಗೆ ಇದು ಅನುಕೂಲಕರ. ಗಾಳಿಚೀಲ ಬೆನ್ನಿನಲ್ಲಷ್ಟೇ ಇರುವ ಮಾದರಿಗಳು ನೀರಿನಡಿ ಅಡ್ಡಲಾಗಿ ಈಜಲು ಹಿತಕರವಾಗಿದ್ದರೂ ಮೇಲ್ಮೈಯಲ್ಲಿ ಮುಂದಕ್ಕೆ ಬಾಗಿಸಬಹುದು.

ಮೊದಲ ಅಂಗಿಯ ಆಯ್ಕೆ

ಜೇಬು, ಬಣ್ಣಗಳಿಗಿಂತ ಅಳತೆಯೇ ಮುಖ್ಯ. ಡೈವಿಂಗ್ ಉಡುಪಿನ ಮೇಲೆಯೇ ತೊಟ್ಟು, ಪೂರ್ಣ ಗಾಳಿ ತುಂಬಿ ನೋಡಬೇಕು. ಎದೆ ಬಿಗಿದು ಉಸಿರಾಟಕ್ಕೆ ಅಡ್ಡಿಯಾದರೆ ಅದು ಚಿಕ್ಕದು. ಭುಜದಿಂದ ಮೇಲಕ್ಕೆ ಜಾರಿದರೆ ದೊಡ್ಡದು. ಗಾಳಿ ತುಂಬುವ ಹಾಗೂ ಬಿಡುವ ಗುಂಡಿಗಳನ್ನು ನೋಡದೆಯೇ, ಕೈಗವಸು ತೊಟ್ಟೇ ಗುರುತಿಸಲು ಸಾಧ್ಯವಾಗಬೇಕು.

ಎತ್ತುವ ಸಾಮರ್ಥ್ಯ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿಯ ತೂಕ ಸುಮಾರು 2.5 ಕಿ.ಗ್ರಾಂ. ಈ ತೂಕವನ್ನೂ, ಆಳದಲ್ಲಿ ಉಡುಪು ಕುಗ್ಗಿ ಕಳೆದುಕೊಳ್ಳುವ ತೇಲುವಿಕೆಯನ್ನೂ ಸರಿದೂಗಿಸಿ, ಮೇಲ್ಮೈಯಲ್ಲಿ ತಲೆಯನ್ನು ನೀರಿನ ಮೇಲಿರಿಸುವಷ್ಟು ಬಲ ಸಾಕು. ತೆಳು ಉಡುಪು ಸಾಲುವ ಬೆಚ್ಚನೆಯ ಸಮುದ್ರಗಳಲ್ಲಿ ಈ ಅಗತ್ಯ ಇನ್ನೂ ಕಡಿಮೆ. ಅತಿ ದೊಡ್ಡ ಚೀಲವು ನೀರಿನ ಎಳೆತವನ್ನು ಹೆಚ್ಚಿಸುತ್ತದೆ. ಅನಗತ್ಯವಾಗಿ ಸೊಂಟಕ್ಕೆ ಕಟ್ಟಿಕೊಂಡ ಸೀಸದ ತೂಕವನ್ನು ಮರೆಮಾಚುವುದೂ ಅದೇ.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಂತಹ ತಾಣಗಳಲ್ಲಿ ಡೈವಿಂಗ್ ಸಂಸ್ಥೆಗಳೇ ಸಾಧನಗಳನ್ನು ಒದಗಿಸುವುದರಿಂದ, ಎರಡು ಮೂರು ಮಾದರಿಗಳನ್ನು ಬಳಸಿ ನೋಡಿದ ಬಳಿಕ ಕೊಳ್ಳುವುದು ಸೂಕ್ತ.

ನಿರ್ವಹಣೆ

ಪ್ರತಿ ಬಳಕೆಯ ಬಳಿಕ ಹೊರಗೂ ಒಳಗೂ ಸಿಹಿನೀರಿನಿಂದ ತೊಳೆದು, ಸ್ವಲ್ಪ ಗಾಳಿ ತುಂಬಿ ನೆರಳಿನಲ್ಲಿ ಒಣಗಿಸಬೇಕು. ಉಪ್ಪಿನ ಹರಳು ಸೇರಿದ ಕವಾಟವು ತೆರೆದೇ ಉಳಿದು ತಾನಾಗಿ ಗಾಳಿ ತುಂಬಬಹುದು. ಆಗ ಗಾಳಿಯ ಕೊಳವೆಯನ್ನು ಕೂಡಲೇ ಬೇರ್ಪಡಿಸಿ, ಒಳಗಿನ ಗಾಳಿಯನ್ನು ಹೊರಬಿಡಬೇಕಾಗುತ್ತದೆ.