ಹಿಂದಿ ಬದಲು ಸ್ಪ್ಯಾನರ್: ಒಂಬತ್ತನೇ ಕ್ಲಾಸಿನ ಹುಡುಗರ ಮುಂದಿನ ದಾರಿ ಯಾವುದು?

ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯನ್ನು ಪೂರ್ತಿ ಓದುವವರು ಕಡಿಮೆ. ತಮ್ಮ ಮಗುವಿನ ಪರೀಕ್ಷೆ ಯಾವತ್ತು ಅಂತ ನೋಡಿ ಮಡಿಚಿ ಇಡುತ್ತಾರೆ. ಈಚಿನ ವರ್ಷಗಳ ಪಟ್ಟಿಯಲ್ಲಿ ತೃತೀಯ ಭಾಷೆಯ ದಿನದ ಸಾಲನ್ನು ಒಮ್ಮೆ ನೋಡಿ. ಹಿಂದಿ, ಸಂಸ್ಕೃತ, ತುಳು, ಕೊಂಕಣಿಗಳ ಜೊತೆಯಲ್ಲೇ ಆಟೋಮೊಬೈಲ್, ರೀಟೇಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಅಂಡ್ ವೆಲ್‌ನೆಸ್ ಎಂಬ ಹೆಸರುಗಳೂ ಇರುತ್ತವೆ.

ಇದು ಅಚ್ಚಿನ ತಪ್ಪಲ್ಲ ಸ್ವಾಮಿ. ಕೇಂದ್ರ ಸರ್ಕಾರ 2013ರ ಡಿಸೆಂಬರಿನಲ್ಲಿ ಕೌಶಲ ಅರ್ಹತೆಗೊಂದು ರಾಷ್ಟ್ರೀಯ ಚೌಕಟ್ಟು ಹಾಕಿತು. ಎನ್.ಎಸ್.ಕ್ಯು.ಎಫ್. ಅಂತ ಅದರ ಹೆಸರು. ಅದರಂತೆ ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಗೆ ಬಂದ ಹುಡುಗ ಹುಡುಗಿಯರು ತೃತೀಯ ಭಾಷೆಯ ಬದಲು ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದು. ಎರಡು ವರ್ಷದ ಓದು. ಪುಸ್ತಕದ ಪಾಠವೂ ಉಂಟು, ಪ್ರಾಕ್ಟಿಕಲ್ಲೂ ಉಂಟು.

ದಡ್ಡರ ಸಬ್ಜೆಕ್ಟೇ?

"ನಮ್ ಹುಡುಗನ್ನ ಸ್ಕೂಲಿಗೆ ಕಳ್ಸಿದ್ದು ಸ್ಪ್ಯಾನರ್ ಹಿಡಿಯೋಕಾ ಸಾರ್? ಅದನ್ನ ಬಸ್ ಸ್ಟ್ಯಾಂಡ್ ಹತ್ರದ ಗ್ಯಾರೇಜಲ್ಲೇ ಕಲೀಬಹುದಿತ್ತಲ್ಲ?" ಎಂದು ಕೇಳುವ ತಂದೆಯರು ಯಾವ ಊರಲ್ಲಿಲ್ಲ? ಓದಿನಲ್ಲಿ ಹಿಂದುಳಿದವರಿಗೇ ಕೈಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ.

ಗ್ಯಾರೇಜಿನ ಹುಡುಗನಿಗೆ ಬ್ರೇಕ್ ಆಯಿಲ್ ಹಾಕುವುದು ಗೊತ್ತು. ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟರೆ ಅಷ್ಟು ದೊಡ್ಡ ಗಾಡಿ ನಿಲ್ಲುವುದು ಹೇಗೆ ಎಂಬುದನ್ನು ಅವನಿಗೆ ಹೇಳಿಕೊಡುವವರು ಯಾರು? ಶಾಲೆಯ ಹುಡುಗ ಅದನ್ನು ಪ್ಯಾಸ್ಕಲ್ಲನ ನಿಯಮದ ಜೊತೆ ಕೂಡಿಸಿ ಕಲಿಯಬಲ್ಲ. ವಿಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೈಗೆ ಸಿಕ್ಕುತ್ತದೆ. ಇದು ದಡ್ಡರ ಓದು ಹೇಗಾದೀತು?

ಹಳೇ ಕಥೆ

ಮಾತು ಹೊಸದಲ್ಲ. ಕೈಕೆಲಸದ ಮೂಲಕ ವಿದ್ಯೆ ಎಂದು ಗಾಂಧೀಜಿ ವಾರ್ಧಾದಲ್ಲಿ 1937ರಲ್ಲೇ ಹೇಳಿದರು. 1952-53ರ ಮೊದಲಿಯಾರ್ ಆಯೋಗ ವಿವಿಧೋದ್ದೇಶ ಶಾಲೆ ಬೇಕೆಂದಿತು. ಕೆಲವು ಹಳೇ ಹೈಸ್ಕೂಲುಗಳ ಬೋರ್ಡಿನಲ್ಲಿ 'ಮಲ್ಟಿಪರ್ಪಸ್' ಎಂಬ ಪದ ಉಳಿದದ್ದು ಅದರ ಗುರುತು. 1964-66ರ ಕೊಠಾರಿ ಆಯೋಗವೂ ಅದೇ ಮಾತಾಡಿತು. ಹೈಯರ್ ಸೆಕೆಂಡರಿಯಲ್ಲಿ ನೂರಕ್ಕೆ 10 ಮಂದಿ 1990ರ ಹೊತ್ತಿಗೆ, 25 ಮಂದಿ 1995ರ ಹೊತ್ತಿಗೆ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದು 1986ರ ಶಿಕ್ಷಣ ನೀತಿ ಗುರಿ ಇಟ್ಟಿತು. ವರ್ಷಗಳು ಉರುಳಿದವು, ಗುರಿ ಕಾಗದದಲ್ಲೇ ಉಳಿಯಿತು. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಕ್ರಮವಾದ ವೃತ್ತಿ ಶಿಕ್ಷಣ ಪಡೆದವರು ನೂರಕ್ಕೆ ಐದೂ ಇಲ್ಲ ಎಂದು 2020ರ ನೀತಿಯೇ ಒಪ್ಪಿಕೊಂಡಿದೆ. ಅದೇ ಲೆಕ್ಕದಲ್ಲಿ ಜರ್ಮನಿಯದು 75, ದಕ್ಷಿಣ ಕೊರಿಯದ್ದು 96.

ನಮ್ಮ ರಾಜ್ಯವೇನೂ ಕೈಕಟ್ಟಿ ಕೂತಿರಲಿಲ್ಲ. ಪದವಿಪೂರ್ವ ಹಂತದಲ್ಲಿ ಜೆ.ಓ.ಸಿ. ಎಂಬ ಉದ್ಯೋಗಾಧಾರಿತ ಕೋರ್ಸುಗಳು 1977-78ರಲ್ಲೇ ಆರಂಭವಾದವು. ರೇಷ್ಮೆ, ಗಡಿಯಾರ ರಿಪೇರಿ, ಲ್ಯಾಬೊರೇಟರಿ ಕೆಲಸ, ಹೀಗೆ ನಾನಾ ಬಗೆ. ಕೊನೆಗೆ ಆದದ್ದೇನು? ಕೋರ್ಸು ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಸಿಬ್ಬಂದಿಯನ್ನು ಬೇರೆ ಇಲಾಖೆಗಳಲ್ಲಿ ವಿಲೀನ ಮಾಡಲು 2011ರಲ್ಲಿ ಕಾಯ್ದೆಯೇ ಬೇಕಾಯಿತು.

ಈಗಿನ ತೊಡಕು

ಹೊಸ ಯೋಜನೆಯಲ್ಲೂ ಅದೇ ಬಿರುಕು ಕಾಣುತ್ತಿದೆ. ಗಣಿತದ ಮೇಷ್ಟ್ರು ಇಲಾಖೆಯ ನೌಕರ. ವೃತ್ತಿ ವಿಷಯದ ಮೇಷ್ಟ್ರು ಬರುವುದು ಬಹುಮಟ್ಟಿಗೆ ತರಬೇತಿ ಸಂಸ್ಥೆಯ ಮೂಲಕ, ಗುತ್ತಿಗೆಯ ಮೇಲೆ. ಗುತ್ತಿಗೆ ನವೀಕರಣ ತಡವಾದರೆ ಪಾಠ ನಿಲ್ಲುತ್ತದೆ. ಪರೀಕ್ಷೆಯ ತಾರೀಕು ಮಾತ್ರ ನಿಲ್ಲುವುದಿಲ್ಲ.

ಇನ್ನು ಮುಂದಿನ ಓದು. ಪಿ.ಯು. ಪರೀಕ್ಷೆಯ ಪಟ್ಟಿಯಲ್ಲೂ ಈ ವಿಷಯಗಳಿವೆ. ಆದರೆ ಹೋಬಳಿ ಶಾಲೆಯ ಹುಡುಗಿಗೆ ಹತ್ತಿರದ ಕಾಲೇಜಿನಲ್ಲಿ ಅದು ಇರಬೇಕಲ್ಲ? ಐ.ಟಿ.ಐ.ಗೆ ಹೋದರೆ ಮೋಟಾರ್ ಮೆಕ್ಯಾನಿಕ್ ಕೋರ್ಸು ಮತ್ತೆ ಎರಡು ವರ್ಷ, ಎಲ್ಲರ ಜೊತೆ ಮೊದಲ ಪಾಠದಿಂದಲೇ ಶುರು. ಹೈಸ್ಕೂಲಿನಲ್ಲಿ ಕಲಿತ ಎರಡು ವರ್ಷ ಯಾವ ಲೆಕ್ಕಕ್ಕೆ?

ಹದಿಮೂರು ಹದಿನಾಲ್ಕರ ಮಗು ಒಂದು ಭಾಷೆಯನ್ನು ಬಿಟ್ಟು ಈ ವಿಷಯ ಹಿಡಿಯುತ್ತದೆ. ಕೊಟ್ಟದ್ದಕ್ಕೆ ತಕ್ಕದ್ದು ಅದಕ್ಕೆ ಸಿಗಬೇಕು.

ಪೋಷಕರು ಕೇಳಲಿ

ಜೂನ್ ತಿಂಗಳಲ್ಲಿ ಅರ್ಜಿಗೆ ರುಜು ಹಾಕುವ ಮುಂಚೆ ತಂದೆತಾಯಿ ಹೆಡ್‌ಮಾಸ್ಟರನ್ನು ನಾಲ್ಕು ಮಾತು ಕೇಳಲಿ. ಮೇಷ್ಟ್ರು ವರ್ಷಪೂರ್ತಿ ಇರ್ತಾರಾ? ಲ್ಯಾಬಿನ ಸಾಮಾನು ಬೀರುವಿನಲ್ಲಿದೆಯೋ, ಮಕ್ಕಳ ಕೈಯಲ್ಲಿದೆಯೋ? ಗ್ಯಾರೇಜಿಗೋ, ಅಂಗಡಿಗೋ ಕೆಲಸ ನೋಡೋಕೆ ಕರ್ಕೊಂಡ್ ಹೋಗ್ತೀರಾ? ಹತ್ತನೇ ಕ್ಲಾಸ್ ಆದ್ಮೇಲೆ ಇದೇ ವಿಷಯ ಎಲ್ಲಿ ಓದಬೇಕು? ಉತ್ತರ ಸಿಗದಿದ್ದರೆ ಎಸ್.ಡಿ.ಎಂ.ಸಿ. ಸಭೆಯಲ್ಲಿ ಎದ್ದು ನಿಂತು ಕೇಳಲಿ. ಅದಕ್ಕಾಗಿಯೇ ಅಲ್ಲವೆ ಆ ಸಮಿತಿ ಇರುವುದು?

ಇಲಾಖೆಯಿಂದ ಕೇಳುವುದೂ ದೊಡ್ಡದೇನಲ್ಲ. ಈ ವಿಷಯ ಇರುವ ಪ್ರತಿ ಹೈಸ್ಕೂಲಿಗೆ ಹತ್ತಿರದ ಒಂದು ಪಿ.ಯು. ಕಾಲೇಜನ್ನೋ, ಐ.ಟಿ.ಐ.ಯನ್ನೋ ಜೋಡಿಸಲಿ. ಶಾಲೆ ಬಾಗಿಲು ತೆರೆಯುವ ದಿನವೇ ವೃತ್ತಿ ಮೇಷ್ಟ್ರೂ ಒಳಗಿರುವಂತೆ ನೋಡಿಕೊಳ್ಳಲಿ. ಜೆ.ಓ.ಸಿ.ಯ ಗತಿ ಇದಕ್ಕೂ ಬಂದರೆ ನೌಕರರಿಗೆ ಇನ್ನೊಂದು ಕಾಯ್ದೆ ಬಂದೀತು. ಮಕ್ಕಳ ಎರಡು ವರ್ಷವನ್ನು ವಾಪಸ್ ಕೊಡುವ ಕಾಯ್ದೆ ಯಾವ ಸರ್ಕಾರದ ಬಳಿಯೂ ಇಲ್ಲ. ಸಂಬಂಧಪಟ್ಟವರು ಗಮನ ಕೊಡುವರೆ?