ಹಲ್ಲುನೋವಿಗೆ ಮೊದಲೇ ಆಸ್ಪತ್ರೆಯ ದಾರಿ

ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಸಿಗುವುದು ಬಂದವರ ಲೆಕ್ಕ ಮಾತ್ರ. ಲವಂಗ ಕಚ್ಚಿ ಮನೆಯಲ್ಲೇ ನೋವು ನುಂಗಿದವರ ಲೆಕ್ಕ ಅಲ್ಲಿರುವುದಿಲ್ಲ. ಅದಕ್ಕೆ ಸಮೀಕ್ಷೆಯೇ ಬೇಕು.

ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 5 ವರ್ಷದ ಮಕ್ಕಳಲ್ಲಿ ಶೇ 51.9, 12 ವರ್ಷದವರಲ್ಲಿ ಶೇ 53.8, 15 ವರ್ಷದವರಲ್ಲಿ ಶೇ 63.1 ಮಂದಿಗೆ ಹುಳುಕು ಹಲ್ಲುಗಳಿದ್ದವು. ಈ ಲೆಕ್ಕದಂತೆ, ಹತ್ತನೇ ತರಗತಿಯ 40 ವಿದ್ಯಾರ್ಥಿಗಳಲ್ಲಿ ಸುಮಾರು 25 ಮಂದಿಗೆ!

ಆರಂಭದ ಹುಳುಕು ನೋಯುವುದಿಲ್ಲ. ಆಗ ಹೋದರೆ ತೂತು ತುಂಬಿಸಿದರೆ ಸಾಕು. ನರಕ್ಕೆ ತಗುಲಿದ ಮೇಲೆ ಬೇರುನಾಳದ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು. ಆರನೇ ವಯಸ್ಸಿನ ಸುಮಾರಿಗೆ ಹಿಂಬದಿಯಲ್ಲಿ ಹುಟ್ಟುವ ದವಡೆ ಹಲ್ಲನ್ನು ಎಷ್ಟೋ ಪೋಷಕರು ಹಾಲುಹಲ್ಲೆಂದು ಕಡೆಗಣಿಸುತ್ತಾರೆ. ಅದು ಶಾಶ್ವತ ಹಲ್ಲು; ಹೋದರೆ ಮತ್ತೆ ಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಹಲ್ಲು ತಪಾಸಣೆಯೂ ಸೇರಿದೆ. ಆದರೆ ತಪಾಸಣೆಯೇ ಚಿಕಿತ್ಸೆಯಲ್ಲ. ತಂಡದವರು ಬರೆದುಕೊಟ್ಟ ಚೀಟಿ ಶಾಲಾ ಚೀಲದಲ್ಲೇ ಉಳಿದರೆ ಹುಳುಕು ನಿಲ್ಲದು.

ಮಕ್ಕಳೇ, ಚೀಟಿಯನ್ನು ಅಂದೇ ಮನೆಯಲ್ಲಿ ತೋರಿಸಿ. ಪೋಷಕರೇ, ನೋವಿಲ್ಲವೆಂದು ಮುಂದೂಡಬೇಡಿ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ದಂತ ವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ, ಆ ವಾರವೇ ಕರೆದೊಯ್ಯಿರಿ.