ಹಳೆಯ ಪ್ರೊಜೆಕ್ಟರಿಗೆ ಮರುಜೀವ

ಅಂಚೆಚೀಟಿ, ನಾಣ್ಯಗಳನ್ನು ಕೂಡಿಡುವ ಹವ್ಯಾಸ ಎಲ್ಲರಿಗೂ ಪರಿಚಿತವಾದುದು. ಹಳೆಯ ನಾಣ್ಯವನ್ನು ನೋಡಿ ಸಂತೋಷಪಡಬಹುದು. ಅದರಿಂದ ಬೇರೆ ಕೆಲಸವನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಹಳೆಯ ಯಂತ್ರಗಳನ್ನು ಸಂಗ್ರಹಿಸುವವರ ಗುರಿ ಅಷ್ಟಕ್ಕೇ ನಿಲ್ಲದು. ಕೆಟ್ಟುನಿಂತ ಯಂತ್ರವು ಮತ್ತೆ ನಡೆಯತೊಡಗಿದಾಗಲೇ ಅವರಿಗೆ ತೃಪ್ತಿ. ಒಂದು ಕಾಲದಲ್ಲಿ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಚಲನಚಿತ್ರ ತೋರಿಸುತ್ತಿದ್ದ ಸಣ್ಣ ಅಗಲದ ಫಿಲ್ಮಿನ ಪ್ರೊಜೆಕ್ಟರುಗಳನ್ನು ಹುಡುಕಿ, ದುರಸ್ತಿಗೊಳಿಸಿ, ಕಾಪಾಡುವುದು ಇಂತಹ ಹವ್ಯಾಸಗಳಲ್ಲೊಂದು.

1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ ನಗರದಲ್ಲಿ ಹಣ ಪಡೆದು ಸಾರ್ವಜನಿಕರಿಗೆ ಚಲನಚಿತ್ರಗಳನ್ನು ತೋರಿಸಿದರು. ಮುಂದೆ ಬಹುಕಾಲ ಚಿತ್ರಮಂದಿರಗಳಲ್ಲಿ ಬಳಕೆಯಲ್ಲಿದ್ದುದು 35 ಮಿಲಿಮೀಟರ್ ಅಗಲದ ಫಿಲ್ಮು. ಮೊದಲ ದಶಕಗಳಲ್ಲಿ ಅದನ್ನು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನಿಂದ ತಯಾರಿಸುತ್ತಿದ್ದರು. ಅದು ಬೆಂಕಿ ತಗುಲಿದೊಡನೆ ಭಗ್ಗನೆ ಉರಿಯುತ್ತಿತ್ತು. ನೀರಿನಲ್ಲಿ ಮುಳುಗಿಸಿದರೂ ಆರುತ್ತಿರಲಿಲ್ಲ. ಇಂತಹ ವಸ್ತು ಮನೆಯ ಬಳಕೆಗೆ ತಕ್ಕುದಾಗಿರಲಿಲ್ಲ. ಆದುದರಿಂದ ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮನ್ನು, ಅಗಲವನ್ನೂ ವೆಚ್ಚವನ್ನೂ ತಗ್ಗಿಸಿ, ಮನೆಗಳಿಗಾಗಿ ಸಿದ್ಧಪಡಿಸಲಾಯಿತು.

ಫ್ರಾನ್ಸಿನ ಪಾತೇ ಸಂಸ್ಥೆಯು 1922ರಲ್ಲಿ 9.5 ಮಿ.ಮೀ. ಅಗಲದ ಫಿಲ್ಮನ್ನೂ ಅದಕ್ಕಾಗಿ 'ಪಾತೇ ಬೇಬಿ' ಎಂಬ ಪುಟ್ಟ ಪ್ರೊಜೆಕ್ಟರನ್ನೂ ಹೊರತಂದಿತು. ಕೈಯಿಂದ ಹಿಡಿಕೆ ತಿರುಗಿಸಿ ನಡೆಸುತ್ತಿದ್ದ ಈ ಯಂತ್ರದ ಫಿಲ್ಮಿನಲ್ಲಿ ತೂತುಗಳು ಅಂಚಿನಲ್ಲಿರದೆ, ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಇದ್ದವು. ಹೀಗಾಗಿ ಅಗಲದ ಬಹುಭಾಗ ಚಿತ್ರಕ್ಕೇ ದೊರೆಯುತ್ತಿತ್ತು. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯು 1923ರಲ್ಲಿ 16 ಮಿ.ಮೀ., 1932ರಲ್ಲಿ 8 ಮಿ.ಮೀ., 1965ರಲ್ಲಿ 'ಸೂಪರ್ 8' ಫಿಲ್ಮುಗಳನ್ನು ಬಳಕೆಗೆ ತಂದಿತು. ಭಾರತದಲ್ಲಿ 16 ಮಿ.ಮೀ. ಫಿಲ್ಮು ಸಾರ್ವಜನಿಕ ಶಿಕ್ಷಣಕ್ಕೆ ನೆರವಾಯಿತು. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ ತಯಾರಿಸಿದ ಸಾಕ್ಷ್ಯಚಿತ್ರಗಳನ್ನು ಪ್ರಚಾರ ವಾಹನಗಳು ಹಳ್ಳಿಗಳಿಗೆ ಕೊಂಡೊಯ್ದು, ಬಯಲಿನಲ್ಲಿ ಬಿಳಿಯ ಪರದೆ ಕಟ್ಟಿ ತೋರಿಸುತ್ತಿದ್ದವು. ವೀಡಿಯೊ ಬಂದ ಬಳಿಕ ಈ ಯಂತ್ರಗಳು ಅಟ್ಟ ಸೇರಿದವು. ಎಷ್ಟೋ ಯಂತ್ರಗಳು ಗುಜರಿಯ ಪಾಲಾದವು.

ಪ್ರೊಜೆಕ್ಟರಿನ ಒಳಗೆ ನಡೆಯುವ ಕೆಲಸ ಕುತೂಹಲಕರವಾದುದು. ಫಿಲ್ಮಿನಲ್ಲಿರುವುದು ಚಲಿಸದ ಬಿಡಿಚಿತ್ರಗಳ ಸಾಲು. ದೀಪಕ್ಕೂ ಮಸೂರಕ್ಕೂ ನಡುವಣ ಕಿಂಡಿಯಲ್ಲಿ ಪ್ರತಿಯೊಂದು ಚಿತ್ರವೂ ಕ್ಷಣಕಾಲ ಅಲುಗಾಡದೆ ನಿಲ್ಲಬೇಕು. ಅನಂತರ ಉಗುರಿನಂತಹ ಪುಟ್ಟ ಕೊಕ್ಕೆಯೊಂದು ತೂತಿನೊಳಕ್ಕೆ ಹೊಕ್ಕು, ಫಿಲ್ಮನ್ನು ಒಂದು ಚಿತ್ರದಷ್ಟು ಕೆಳಕ್ಕೆ ಎಳೆಯುತ್ತದೆ. ಆ ಹೊತ್ತಿನಲ್ಲಿ ತಿರುಗುವ ಮರೆತಟ್ಟೆಯು ಬೆಳಕನ್ನು ತಡೆಯುತ್ತದೆ. ತಡೆಯದಿದ್ದರೆ ಪರದೆಯ ಮೇಲೆ ಚಿತ್ರ ಕದಡಿದಂತೆ ಕಾಣುತ್ತದೆ. ಮನೆಯ ಮೂಕಚಿತ್ರಗಳಲ್ಲಿ ಸೆಕೆಂಡಿಗೆ 16 ಚಿತ್ರಗಳು ಹೀಗೆ ಸಾಗುವುದು ವಾಡಿಕೆಯಾಗಿತ್ತು. ಆದರೆ ಸೆಕೆಂಡಿಗೆ 16 ಸಲ ಮಾತ್ರ ಬೆಳಕು ಬಂದುಹೋದರೆ ಕಣ್ಣಿಗೆ ಮಿನುಗು ತೋರುತ್ತದೆ. ಆದಕಾರಣ ಮರೆತಟ್ಟೆಗೆ ಮೂರು ಎಸಳುಗಳನ್ನಿಟ್ಟು, ಒಂದೊಂದು ಚಿತ್ರವನ್ನೂ ಮೂರು ಸಲ ಬೆಳಗಿಸಿ, ಸೆಕೆಂಡಿಗೆ 48 ಸಲ ಬೆಳಕು ಬೀಳುವಂತೆ ಮಾಡಿದರು. ಕೊಕ್ಕೆ ಮತ್ತು ಮರೆತಟ್ಟೆಗಳ ಹೊಂದಾಣಿಕೆ ತಪ್ಪಿದರೆ ಚಿತ್ರ ಕೆಡುತ್ತದೆ. ಕೊಕ್ಕೆಯೇ ಸವೆದಿದ್ದರೆ ಫಿಲ್ಮಿನ ತೂತುಗಳು ಹರಿಯುತ್ತವೆ.

ಹಲವು ದಶಕ ಮೂಲೆಯಲ್ಲಿ ಬಿದ್ದಿದ್ದ ಯಂತ್ರವನ್ನು ಕೈಗೆ ಬಂದೊಡನೆ ವಿದ್ಯುತ್ತಿಗೆ ಜೋಡಿಸುವುದು ಅವಿವೇಕ. ತಂತಿಗಳ ರಬ್ಬರ್ ಹೊದಿಕೆ ಒಣಗಿ ಉದುರಿರಬಹುದು. ಲೋಹದ ಮೈಗೆ ವಿದ್ಯುತ್ ಹರಿದರೆ ಮುಟ್ಟಿದವರ ಪ್ರಾಣಕ್ಕೇ ಸಂಚಕಾರ. ಅಮೆರಿಕದಲ್ಲಿ ತಯಾರಾದ ಅನೇಕ ಯಂತ್ರಗಳು ಸುಮಾರು 110 ವೋಲ್ಟಿಗೆ ಹೊಂದಿಕೊಂಡವು. ಅವನ್ನು ಭಾರತದ 230 ವೋಲ್ಟಿನ ವಿದ್ಯುತ್ತಿಗೆ ನೇರವಾಗಿ ಸೇರಿಸಿದರೆ ದೀಪವೂ ಮೋಟಾರೂ ಸುಟ್ಟುಹೋಗುತ್ತವೆ. ಆದುದರಿಂದ ತಿಳಿದವರು ಮೊದಲು ತಂತಿಗಳನ್ನು ಬದಲಿಸಿ, ಅಗತ್ಯವಿದ್ದೆಡೆ ಟ್ರಾನ್ಸ್‌ಫಾರ್ಮರನ್ನು ಅಳವಡಿಸುತ್ತಾರೆ. ಬಳಿಕ ಚಕ್ರಗಳನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಿ, ಎಲ್ಲಿ ತಡೆಯಿದೆಯೆಂದು ಪರೀಕ್ಷಿಸುತ್ತಾರೆ. ಅಂಟಿನಂತೆ ಗಟ್ಟಿಯಾದ ಹಳೆಯ ಎಣ್ಣೆಯನ್ನು ಒರೆಸಿ ತೆಗೆದು, ತೆಳುವಾದ ಹೊಸ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾರೆ. ಸಡಿಲಗೊಂಡ ಬೆಲ್ಟಿಗೂ ಬಿರುಕುಬಿಟ್ಟ ಪ್ಲಾಸ್ಟಿಕ್ ಹಲ್ಲುಗಾಲಿಗೂ ಬದಲು ಹುಡುಕುತ್ತಾರೆ. ಬಿಚ್ಚಿದ ಪ್ರತಿಯೊಂದು ಭಾಗದ ಸ್ಥಾನವನ್ನು ಬರೆದಿಡುವುದು, ತೆಗೆದ ಮೂಲ ಭಾಗವನ್ನು ಎಸೆಯದೆ ಕಾಯ್ದಿರಿಸುವುದು ಒಳ್ಳೆಯ ಸಂಗ್ರಾಹಕರ ನಿಯಮ.

ಇಷ್ಟಾದರೂ ಬೆಲೆಯುಳ್ಳ ಫಿಲ್ಮನ್ನು ಅವರು ಕೂಡಲೆ ಯಂತ್ರಕ್ಕೆ ಹಾಕುವುದಿಲ್ಲ. ಮೊದಲು ನಿರುಪಯುಕ್ತ ತುಣುಕನ್ನು ಓಡಿಸಿ ನೋಡುತ್ತಾರೆ. ಇದಕ್ಕೆ ಕಾರಣವುಂಟು. ಮನೆಮಂದಿ ತೆಗೆದ 8 ಮಿ.ಮೀ. ಚಿತ್ರಗಳಿಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಸಂಸ್ಕರಣೆಗೊಂಡು ಪ್ರೊಜೆಕ್ಟರಿಗೆ ಬರುತ್ತದೆ. ಅದರ ಮೇಲೆ ಬಿದ್ದ ಗೀರು ಶಾಶ್ವತ. ಅಸಿಟೇಟ್ ಫಿಲ್ಮಿಗೆ ಇನ್ನೊಂದು ಶತ್ರುವೆಂದರೆ ಸೆಕೆ ಮತ್ತು ತೇವ. ಇವುಗಳಿಂದ ಫಿಲ್ಮು ಶಿಥಿಲಗೊಂಡು ವಿನೆಗರಿನ ಹುಳಿವಾಸನೆ ಬೀರುತ್ತದೆ, ಕ್ರಮೇಣ ಕುಗ್ಗುತ್ತದೆ. ಆಗ ತೂತುಗಳು ಕೊಕ್ಕೆಗೆ ಹೊಂದುವುದಿಲ್ಲ. ಅಂತಹ ಫಿಲ್ಮನ್ನು ಪ್ರೊಜೆಕ್ಟರಿನಲ್ಲಿ ಓಡಿಸದೆ, ಬೇರೆ ಸಾಧನಗಳಿಂದ ಡಿಜಿಟಲ್ ರೂಪಕ್ಕೆ ಪರಿವರ್ತಿಸುವುದೇ ಕ್ಷೇಮ.

ಈ ಹವ್ಯಾಸವು ಎಂತಹ ಫಲ ನೀಡಬಲ್ಲದೆಂಬುದಕ್ಕೆ ಇಂಗ್ಲೆಂಡಿನ ಕೆವಿನ್ ಬ್ರೌನ್‌ಲೋ ಅವರ ಬದುಕೇ ನಿದರ್ಶನ. ಬಾಲ್ಯದಲ್ಲಿಯೇ ಅವರಿಗೆ 9.5 ಮಿ.ಮೀ. ಪ್ರೊಜೆಕ್ಟರ್ ದೊರೆತಿತ್ತು. 1954ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಫ್ರೆಂಚ್ ನಿರ್ದೇಶಕ ಆಬೆಲ್ ಗಾನ್ಸ್ 1927ರಲ್ಲಿ ತೆರೆಗೆ ತಂದಿದ್ದ 'ನೆಪೋಲಿಯನ್' ಎಂಬ ಮೂಕಚಿತ್ರದ ಎರಡು ರೀಲುಗಳು ಅವರ ಕೈಸೇರಿದವು. ಆ ದೀರ್ಘ ಚಿತ್ರವು ಅಷ್ಟರಲ್ಲಿ ಹಲವರ ಕತ್ತರಿಗೆ ಸಿಕ್ಕು ಛಿದ್ರವಾಗಿತ್ತು. ಪುಟ್ಟ ಪರದೆಯ ಮೇಲೆ ಕಂಡ ತುಣುಕುಗಳಿಂದ ಬೆರಗಾದ ಬ್ರೌನ್‌ಲೋ ಉಳಿದ ಭಾಗಗಳನ್ನು ಅರಸತೊಡಗಿದರು. ದಶಕಗಳ ಪರಿಶ್ರಮದಿಂದ ಪುನರ್ರಚನೆಗೊಂಡ ಚಿತ್ರವು 1979ರಲ್ಲಿ ಅಮೆರಿಕದ ಟೆಲ್ಯುರೈಡ್ ಎಂಬಲ್ಲಿ ಬಯಲಿನಲ್ಲಿ ಪ್ರದರ್ಶಿತವಾದಾಗ, 89 ವರ್ಷದ ಗಾನ್ಸ್ ತಾವು ತಂಗಿದ್ದ ಹೋಟೆಲಿನ ಕಿಟಕಿಯಿಂದ ಅದನ್ನು ವೀಕ್ಷಿಸಿದರು. ಎರಡು ವರ್ಷಗಳ ಬಳಿಕ ಅವರು ನಿಧನರಾದರು. ಮೂಕಚಿತ್ರಗಳ ಸಂರಕ್ಷಣೆಗಾಗಿ ದುಡಿದ ಬ್ರೌನ್‌ಲೋ ಅವರಿಗೆ 2010ರಲ್ಲಿ ಗೌರವ ಆಸ್ಕರ್ ಪ್ರಶಸ್ತಿ ಸಂದಿತು.

ಎಲ್ಲ ಸಂಗ್ರಾಹಕರಿಗೂ ಇಂತಹ ಮಹಾಚಿತ್ರ ದೊರೆಯಲಾರದು. ಹಳೆಯ ರೀಲಿನಲ್ಲಿ ಒಂದು ಮದುವೆಯ ಮನೆ, ಇಂದು ಉಳಿದಿರದ ಒಂದು ಬೀದಿ, ಅಂಗಳದಲ್ಲಿ ಆಡುವ ಒಂದು ಮಗು ಇಷ್ಟೇ ಇರಬಹುದು. ಆದರೆ ಆ ಮನೆಯವರಿಗೆ ಅದಕ್ಕೆ ಸಮನಾದುದು ಬೇರೊಂದಿಲ್ಲ. ಹಳೆಯದೆಂದು ಗುಜರಿಗೆ ಹಾಕುವ ಮುನ್ನ ಅದರೊಳಗೆ ಏನಿದೆಯೆಂದು ತಿಳಿಯುವ ತಾಳ್ಮೆಯನ್ನು ಈ ಹವ್ಯಾಸವು ಕಲಿಸುತ್ತದೆ.